ಕಾಣದಿರುವುದು ಪ್ರಮಾಣವೇ?

ಕಾಣಲಿಲ್ಲ ಎಂದ ಮಾತ್ರಕ್ಕೆ ಒಂದು ವಸ್ತು ಇಲ್ಲ ಎನ್ನಬಹುದೇ? ಕೂಗಿದರೂ ಓಗೊಡಲಿಲ್ಲ ಎಂದರೆ ಆ ಕಡೆ ಯಾರೂ ಇಲ್ಲವೆಂದೇ ಅರ್ಥವೇ? ದೇವರಿದ್ದಾನೋ ಇಲ್ಲವೋ ಎಂಬ ವಾದಗಳನ್ನು ಸೋಸಿ ನೋಡಿದರೆ ತಳದಲ್ಲಿ ಉಳಿಯುವುದು ಹೆಚ್ಚಾಗಿ ಈ ಎರಡು ಪ್ರಶ್ನೆಗಳೇ. ನಾಸ್ತಿಕ ‘ಎಲ್ಲಿದ್ದಾನೆ, ತೋರಿಸಿ’ ಎನ್ನುತ್ತಾನೆ. ಆಸ್ತಿಕ ‘ಕಾಣದ್ದೆಲ್ಲ ಇಲ್ಲವೆನ್ನುವುದಾದರೆ ನಿಮ್ಮ ಮುತ್ತಜ್ಜನೂ ಇರಲಿಲ್ಲ ಬಿಡಿ’ ಎನ್ನುತ್ತಾನೆ. ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಎದ್ದುಹೋಗುತ್ತಾರೆ. ನಮ್ಮ ಪ್ರಮಾಣಶಾಸ್ತ್ರದವರು ಇಷ್ಟು ಅವಸರದವರಲ್ಲ. ಪ್ರಶ್ನೆಯನ್ನು ದೇವರ ತನಕ ಒಯ್ಯುವ ಮುಂಚೆ, ನೆಲದ ಮೇಲೆ ಇಲ್ಲದ ಒಂದು ಗಡಿಗೆಯ ಮುಂದೆ ಅದನ್ನು ನಿಲ್ಲಿಸಿ ನೂರಾರು ವರ್ಷ ವಾದಿಸಿದರು. ನಾನು ಅದನ್ನು ಗಡಿಗೆಗಿಂತಲೂ ನೀರಸವಾದ ಜಾಗಕ್ಕೆ ಒಯ್ಯಬೇಕೆಂದಿದ್ದೇನೆ: ನೆಟ್‌ವರ್ಕ್ ಸ್ವಿಚ್ಚಿನ ಡ್ರೈವರ್ ಒಳಗೆ, ಒಂದು ಫ್ರೇಮು ಗರಿಷ್ಠ ಎಷ್ಟು ಬೈಟು ಇರಬಹುದೆಂದು ನಿಗದಿ ಮಾಡುವ ಕೆಲವು ಸಾಲುಗಳಿಗೆ. ಕಾರಣ ಸರಳ. ಮೌನದಿಂದ ತಪ್ಪು ತೀರ್ಮಾನಕ್ಕೆ ಬಂದವನಿಗೆ ಅಲ್ಲಿ ಕೂಡಲೇ ಪೆಟ್ಟು ಬೀಳುತ್ತದೆ. ಪೆಟ್ಟು ತಿಂದವರು ದಶಕಗಳ ಅವಧಿಯಲ್ಲಿ ತಮ್ಮ ತೀರ್ಮಾನದ ರೀತಿಯನ್ನೇ ತಿದ್ದಿಕೊಂಡಿದ್ದಾರೆ, ತಿದ್ದಿದ್ದನ್ನು ಬರೆದೂ ಇಟ್ಟಿದ್ದಾರೆ. ದೇವರ ವಿಷಯದಲ್ಲಿ ಅಂಥ ಸೌಲಭ್ಯ ನಮಗಿಲ್ಲ.

ಮೊದಲು ಈ ಮಿತಿ ಎಂಥದೆಂದು ನೋಡೋಣ. ಈಥರ್ನೆಟ್ ಜಾಲದಲ್ಲಿ ದತ್ತಾಂಶ ಫ್ರೇಮುಗಳಾಗಿ ಹರಿಯುತ್ತದೆ. ಒಂದು ಫ್ರೇಮಿನ ಹೊಟ್ಟೆಯಲ್ಲಿ 1500 ಬೈಟು ಹಿಡಿಯುತ್ತದೆ. ಇದಕ್ಕೆ ಎಂಟಿಯು ಎನ್ನುತ್ತಾರೆ. ಮುಂದೆ 14 ಬೈಟಿನ ತಲೆಬರಹ, ಹಿಂದೆ 4 ಬೈಟಿನ ತಪಾಸಣೆಯ ಸಂಖ್ಯೆ, ಒಟ್ಟು 1518. ವಿಎಲ್ಯಾನ್ ಗುರುತು ಸೇರಿದರೆ 1522. ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಜೆರಾಕ್ಸ್ ಪಾರ್ಕ್‌ನಲ್ಲಿ ಕಲ್ಪಿಸಿದ ಜಾಲ 1980ರ ದಶಕದ ಆರಂಭದಲ್ಲಿ ಮಾನಕವಾಗುವ ಹೊತ್ತಿಗೆ ಈ 1500 ಗಟ್ಟಿಯಾಗಿತ್ತು. ಅದೇನು ಪ್ರಕೃತಿಯ ನಿಯಮವಲ್ಲ, ಹಾಗೆಂದು ಬಾಯಿಗೆ ಬಂದ ಸಂಖ್ಯೆಯೂ ಅಲ್ಲ. ಆಗ ಮೆಮೊರಿ ದುಬಾರಿ. ಎಲ್ಲ ಯಂತ್ರಗಳೂ ಒಂದೇ ಕೇಬಲ್ ಹಂಚಿಕೊಳ್ಳುತ್ತಿದ್ದವು. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 1518 ಬೈಟಿನ ಫ್ರೇಮು ತಂತಿಯನ್ನು ಸುಮಾರು 1.2 ಮಿಲಿಸೆಕೆಂಡು ಹಿಡಿದಿಡುತ್ತದೆ, ಅಷ್ಟು ಹೊತ್ತು ಉಳಿದವರು ಕಾಯಬೇಕು. ಮುಂದೆ ತಂತಿ ಸಾವಿರ ಪಟ್ಟು ವೇಗವಾದರೂ ಸಂಖ್ಯೆ ಮಾತ್ರ ಉಳಿಯಿತು. 1990ರ ದಶಕದ ಕೊನೆಯಲ್ಲಿ ಕೆಲವು ತಯಾರಕರು 9000 ಬೈಟಿನ ಜಂಬೋ ಫ್ರೇಮುಗಳನ್ನು ತಂದರು. ಐಇಇಇ ಸಂಸ್ಥೆ ಅದನ್ನು ಮಾನಕ ಮಾಡಲಿಲ್ಲ; 2006ರಲ್ಲಿ ಗುರುತುಗಳೂ ಹೊದಿಕೆಗಳೂ ಸೇರಿ ಒಟ್ಟು 2000 ಬೈಟಿನ ತನಕ ಹೋಗಬಹುದೆಂದಿತು, ಅಷ್ಟೆ. ಹೀಗಾಗಿ ಜಂಬೋ ಎಂದರೆ ಎಷ್ಟು ಎಂಬುದು ಚಿಪ್ಪಿನಿಂದ ಚಿಪ್ಪಿಗೆ ಬೇರೆ: ಒಂದರಲ್ಲಿ 9216, ಇನ್ನೊಂದರಲ್ಲಿ 9720, ಮತ್ತೊಂದರಲ್ಲಿ 10240.

ಮಿತಿ ಮೀರಿದ ಫ್ರೇಮು ಸ್ವಿಚ್ಚಿಗೆ ಬಂದರೆ ಏನಾಗುತ್ತದೆ? ಅದು ಬೀಳುತ್ತದೆ. ಅಳತೆ ಮೀರಿದ ಫ್ರೇಮುಗಳ ಲೆಕ್ಕ ಇಡುವ ಕೌಂಟರು ಚಿಪ್ಪಿನೊಳಗೆ ಒಂದು ಅಂಕೆ ಮುಂದೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಕಳಿಸಿದವನಿಗೆ ಒಂದು ಮಾತೂ ಇಲ್ಲ. ಇದರಲ್ಲಿ ದುರುದ್ದೇಶವಿಲ್ಲ, ಹಾಗೆ ಹೇಳುವ ಭಾಷೆಯೇ ಈಥರ್ನೆಟ್ಟಿನ ಆ ಪದರದಲ್ಲಿ ಇಲ್ಲ. ಒಂದು ಪದರ ಮೇಲಿರುವ ರೂಟರಿನ ಕತೆ ಬೇರೆ. ಐಪಿ ಪ್ಯಾಕೆಟ್ ಮುಂದಿನ ದಾರಿಗೆ ಹಿಡಿಸದಷ್ಟು ದೊಡ್ಡದಾಗಿದ್ದು, ‘ಒಡೆಯಬೇಡ’ ಎಂಬ ಗುರುತು ಹೊತ್ತಿದ್ದರೆ, ರೂಟರು ಅದನ್ನು ಬಿಸಾಡಿ ‘ಇದು ದೊಡ್ಡದಾಯಿತು, ನನ್ನ ಮುಂದಿನ ದಾರಿಯ ಅಳತೆ ಇಷ್ಟು’ ಎಂಬ ಐಸಿಎಂಪಿ ಸಂದೇಶವನ್ನು ಹಿಂದಕ್ಕೆ ಕಳಿಸಬೇಕು. ಸ್ವಿಚ್ಚಿಗೆ ಆ ಬಾಯಿಯೂ ಇಲ್ಲ. ಜಾಲ ನೋಡಿಕೊಳ್ಳುವವರಿಗೆ ಇದರ ಲಕ್ಷಣ ಚೆನ್ನಾಗಿ ಗೊತ್ತು. 1472 ಬೈಟಿನ ಪಿಂಗ್ ಹೋಗುತ್ತದೆ, ಉತ್ತರವೂ ಬರುತ್ತದೆ. 28 ಬೈಟಿನ ತಲೆಬರಹಗಳು ಸೇರಿ ಅದು ಸರಿಯಾಗಿ 1500. ಯಂತ್ರಗಳೆರಡನ್ನೂ 9000ಕ್ಕೆ ಇಟ್ಟು, ನಡುವಿನ ಸ್ವಿಚ್ಚನ್ನು ಮರೆತಿದ್ದರೆ, 8972 ಬೈಟಿನ ಪಿಂಗ್ ಹೊರಡುತ್ತದೆ, ಮರಳುವುದಿಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆಗುತ್ತದೆ, ಪಾಸ್‌ವರ್ಡ್ ಕೇಳುತ್ತದೆ, ಕರ್ಸರ್ ಮಿನುಗುತ್ತದೆ. ದೊಡ್ಡದೊಂದು ಡೈರೆಕ್ಟರಿಯ ಪಟ್ಟಿ ಕೇಳಿದ ಕೂಡಲೇ ಪರದೆ ಹಾಗೆಯೇ ನಿಂತುಬಿಡುತ್ತದೆ. ಸಣ್ಣ ಮಾತು ನಡೆಯುತ್ತದೆ, ದೊಡ್ಡ ಮಾತು ಮಾಯವಾಗುತ್ತದೆ. ಇದನ್ನು ಮೊದಲ ಬಾರಿ ನೋಡುವವರು ಸರ್ವರ್ ಕೆಟ್ಟಿದೆ, ಕೇಬಲ್ ಸಡಿಲವಾಗಿದೆ, ಆ ಕಡೆಯವರು ಏನೋ ಬದಲಾಯಿಸಿದ್ದಾರೆ ಎಂದು ಎಲ್ಲವನ್ನೂ ಶಂಕಿಸುತ್ತಾರೆ, ಅಳತೆಯೊಂದನ್ನು ಬಿಟ್ಟು.

ಈಗ ಗಡಿಗೆಯ ಕಡೆ ಬರೋಣ. ‘ಈ ನೆಲದ ಮೇಲೆ ಗಡಿಗೆ ಇಲ್ಲ’ ಎಂಬ ಅರಿವು ಯಾವುದರಿಂದ ಹುಟ್ಟುತ್ತದೆ? 7ನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ, ಇದಕ್ಕೆ ಬೇರೆಯದೇ ಒಂದು ಪ್ರಮಾಣ ಬೇಕೆಂದ: ಅನುಪಲಬ್ಧಿ, ಎಂದರೆ ಕಾಣದಿರುವುದು. ಅದ್ವೈತಿಗಳು ವ್ಯವಹಾರದಲ್ಲಿ ಅವನ ದಾರಿ ಹಿಡಿದು ಆರು ಪ್ರಮಾಣಗಳ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಂಡರು. ನೈಯಾಯಿಕರು ಬೇಡವೆಂದರು, ಬರಿಯ ನೆಲವನ್ನು ಕಾಣುವ ಕಣ್ಣೇ ಗಡಿಗೆಯ ಅಭಾವವನ್ನೂ ಕಾಣುತ್ತದೆ, ಹೊಸ ಪ್ರಮಾಣ ಯಾಕೆ ಎಂಬುದು ಅವರ ಪಟ್ಟು. ಪ್ರಾಭಾಕರರು ಇನ್ನೂ ಬಿಗಿ: ಅಭಾವವೆಂಬ ಪದಾರ್ಥವೇ ಇಲ್ಲ, ಇರುವುದು ಬರಿಯ ನೆಲ. ನಮ್ಮ ಉಡುಪಿಯ ಮಧ್ವಾಚಾರ್ಯರು ಒಪ್ಪಿದ್ದು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನೇ. ಅವರ ಲೆಕ್ಕದಲ್ಲಿ ಅನುಪಲಬ್ಧಿಗೆ ಪ್ರತ್ಯೇಕ ಆಸನವಿಲ್ಲ. ಈ ಜಗಳದಲ್ಲಿ ಯಾರು ಸರಿ ಎಂದು ಇಲ್ಲಿ ತೀರಿಸಬೇಕಾಗಿಲ್ಲ. ನನ್ನ ಗಮನ ಸೆಳೆಯುವುದು, ಇಷ್ಟೊಂದು ಭಿನ್ನಮತದ ನಡುವೆಯೂ ಬಹುತೇಕ ಎಲ್ಲರೂ ಒಪ್ಪಿದ ಒಂದು ಷರತ್ತು. ಕಾಣದಿರುವುದು ತಾನಾಗಿ ಏನನ್ನೂ ಸಾಧಿಸುವುದಿಲ್ಲ. ಇದ್ದಿದ್ದರೆ ಕಾಣಲೇಬೇಕಿತ್ತು ಎಂಬ ಸ್ಥಿತಿ ಮೊದಲು ಇರಬೇಕು. ಇದು ಯೋಗ್ಯತೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಅದು ಗಡಿಗೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದನ್ನು ಇನ್ನೂ ಹರಿತಗೊಳಿಸಿ, ದೃಶ್ಯವಾದುದರ ಕಾಣದಿರುವಿಕೆ ಮಾತ್ರ ಹೇತುವಾಗಬಲ್ಲದು, ಅದೃಶ್ಯವಾದುದರ ಕಾಣದಿರುವಿಕೆಯಿಂದ ಹುಟ್ಟುವುದು ಸಂಶಯವೊಂದೇ ಎಂದ. ದೇಶದಿಂದ ದೂರವಾದದ್ದು, ಕಾಲದಿಂದ ದೂರವಾದದ್ದು, ಸ್ವಭಾವದಿಂದಲೇ ಕಣ್ಣಿಗೆ ಬೀಳದ್ದು ಎಂದು ಅವನ ಪರಂಪರೆ ಅದೃಶ್ಯವನ್ನು ಮೂರು ಬಗೆ ಮಾಡಿತು. ಮೂರನೆಯದಕ್ಕೆ ಅವರು ಕೊಡುವ ಉದಾಹರಣೆ ಪಿಶಾಚಿ. ಪಿಶಾಚಿ ಇದೆಯೆಂದು ಅವರು ಹೇಳಲಿಲ್ಲ. ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಇಲ್ಲ ಎನ್ನಲು ಬರುವುದಿಲ್ಲ ಎಂದರು, ಅಷ್ಟೆ.

ಈ ಷರತ್ತನ್ನು ಹಿಡಿದುಕೊಂಡು ಜಾಲಕ್ಕೆ ಹಿಂತಿರುಗಿದರೆ, ಅಂತರ್ಜಾಲದ ಇತಿಹಾಸದ ಒಂದು ದೊಡ್ಡ ತಪ್ಪು ಸ್ಪಷ್ಟವಾಗಿ ಕಾಣುತ್ತದೆ. 1990ರಲ್ಲಿ ಆರ್‌ಎಫ್‌ಸಿ 1191 ಎಂಬ ದಾಖಲೆ ದಾರಿಯ ಅಳತೆಯನ್ನು ಕಂಡುಹಿಡಿಯುವ ಒಂದು ವಿಧಾನವನ್ನು ಹಾಕಿಕೊಟ್ಟಿತು. ದೊಡ್ಡ ಪ್ಯಾಕೆಟ್ ಕಳಿಸು. ದಾರಿಯಲ್ಲಿ ಎಲ್ಲಾದರೂ ಹಿಡಿಸದಿದ್ದರೆ ಅಲ್ಲಿನ ರೂಟರು ಹೇಳುತ್ತದೆ. ಹೇಳಿದ ಮೇಲೆ ತಗ್ಗಿಸಿಕೋ. ಅಂದವಾದ ವಿಧಾನ. ಅದರ ಬೆನ್ನೆಲುಬು ಒಂದು ನಂಬಿಕೆ: ತಪ್ಪಿದ್ದರೆ ಯಾರಾದರೂ ಹೇಳುತ್ತಾರೆ, ಯಾರೂ ಹೇಳಲಿಲ್ಲವೆಂದರೆ ಅಳತೆ ಸರಿಯಾಗಿದೆ. ಮೌನವೇ ಇಲ್ಲಿ ಸಮ್ಮತಿ. ಆದರೆ ಮಧ್ಯದ ಫೈರ್‌ವಾಲ್‌ಗಳು ಐಸಿಎಂಪಿ ಎಂದರೆ ಅಪಾಯವೆಂದು ಎಲ್ಲವನ್ನೂ ತಡೆಯತೊಡಗಿದವು. ಮನೆಗಳಿಗೆ ಪಿಪಿಪಿಒಇ ಮೂಲಕ ಬ್ರಾಡ್‌ಬ್ಯಾಂಡ್ ಬಂದಾಗ, ಆ ಹೊದಿಕೆ 8 ಬೈಟು ನುಂಗಿ 1500ನ್ನು 1492 ಮಾಡಿತು. ಕರ್ನಾಟಕದ ಊರೂರಲ್ಲೂ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಬಂದದ್ದು ಹೆಚ್ಚಾಗಿ ಈ ಬಗೆಯದೇ. ಆ 8 ಬೈಟಿನ ಕೊರತೆಯನ್ನು ರೂಟರು ಹೇಳಿದರೂ ಸಂದೇಶ ನಡುವೆ ಸತ್ತಿತು. ಕಳಿಸುವವನಿಗೆ ಏನೂ ಕೇಳಿಸಲಿಲ್ಲ, ಅವನು ಅದೇ ಅಳತೆಯ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸಿದ. 2000ರಲ್ಲಿ ಬಂದ ಆರ್‌ಎಫ್‌ಸಿ 2923 ಈ ರೋಗವನ್ನು ವಿವರಿಸಿತು; ಕಸುಬಿನವರು ಅದನ್ನು ಕಪ್ಪುಕುಳಿ ಎನ್ನುತ್ತಾರೆ. ಧರ್ಮಕೀರ್ತಿಯ ಮಾತಿನಲ್ಲಿ ಹೇಳುವುದಾದರೆ, ಕಳಿಸುವವನು ಅದೃಶ್ಯವಾದುದನ್ನು ದೃಶ್ಯವೆಂದು ಎಣಿಸಿದ್ದ. ಸಂದೇಶ ಹುಟ್ಟಿದ್ದರೆ ನನಗೆ ತಲುಪಲೇಬೇಕಿತ್ತು ಎಂಬ ಮಾತು ನಿಜವಾಗಿರಲಿಲ್ಲ. ನಡುವೆ ಬರಿಯ ಸ್ವಿಚ್ಚು ಇದ್ದಾಗಲಂತೂ ಸಂದೇಶ ಹುಟ್ಟುವುದೇ ಇಲ್ಲ. ಅಲ್ಲಿನ ಮೌನಕ್ಕೂ ಎಲ್ಲ ಸರಿಯಿರುವಾಗಿನ ಮೌನಕ್ಕೂ ಕೇಳುವವನ ಕಿವಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಈ ತಪ್ಪನ್ನು ತಿದ್ದಿದ ಬಗೆ ನನಗೆ ಇಡೀ ವಿಷಯದ ಜೀವಾಳವೆನಿಸುತ್ತದೆ. 2007ರ ಆರ್‌ಎಫ್‌ಸಿ 4821 ಬೇರೆಯವರ ಮಾತನ್ನು ಕಾಯುವುದನ್ನು ಬಿಟ್ಟಿತು. ಕಳಿಸುವವನು ತನ್ನ ಎಂದಿನ ಪ್ಯಾಕೆಟುಗಳ ನಡುವೆ ಒಂದನ್ನು ಮಾತ್ರ ದೊಡ್ಡದಾಗಿ ಕಳಿಸುತ್ತಾನೆ. ಹಿಂದಿನವೂ ಮುಂದಿನವೂ ತಲುಪಿ, ನಡುವಿನ ದೊಡ್ಡದೊಂದೇ ತಲುಪದಿದ್ದರೆ, ಆಗ ಅಳತೆ ಹೆಚ್ಚಾಯಿತೆಂದು ತೀರ್ಮಾನಿಸಬಹುದು. ಎಲ್ಲವೂ ಕಳೆದುಹೋಗಿದ್ದರೆ ಆ ತೀರ್ಮಾನಕ್ಕೆ ಆಧಾರವಿಲ್ಲ. ಅದು ದಟ್ಟಣೆಯಿರಬಹುದು, ತಂತಿ ಕಡಿದಿರಬಹುದು. ನೋಡಿ, ಇಲ್ಲಿಯೂ ತೀರ್ಮಾನ ಮೌನದಿಂದಲೇ ಹುಟ್ಟುತ್ತಿದೆ. ಮೌನದ ಸುತ್ತ ಒಂದು ಏರ್ಪಾಡು ಬಂದಿದೆ, ಅದೇ ಹೊಸದು. ಅಕ್ಕಪಕ್ಕದ ಸಣ್ಣ ಪ್ಯಾಕೆಟುಗಳು ತಲುಪಿದ್ದು ನೈಯಾಯಿಕರು ಹೇಳುವ ಬರಿಯ ನೆಲ. ಅದು ಕಣ್ಣಿಗೆ ಬಿದ್ದಿದೆ, ಬೆಳಕಿದೆ, ಆದ್ದರಿಂದ ಗಡಿಗೆ ಇದ್ದಿದ್ದರೆ ಕಾಣಬೇಕಿತ್ತು. 2020ರ ಆರ್‌ಎಫ್‌ಸಿ 8899 ಇನ್ನೂ ಎಚ್ಚರದ್ದು: 1200 ಬೈಟಿನಂಥ ಸಾಮಾನ್ಯವಾಗಿ ಸಾಗುವ ಅಳತೆಯಿಂದ ಹೊರಟು, ಒಂದು ಅಳತೆಯ ಪರೀಕ್ಷೆ ಮೂರು ಬಾರಿ ಸೋಲುವ ತನಕ ಅದನ್ನು ಕೈಬಿಡಬೇಡ ಎನ್ನುತ್ತದೆ. ಕುಮಾರಿಲನ ಒಂದು ವಾದವೂ ಇಲ್ಲಿ ನೆನಪಾಗುತ್ತದೆ. ಬೆಳಿಗ್ಗೆ ಒಂದು ಜಾಗವನ್ನು ನೋಡಿ ಬಂದವನನ್ನು ಆಮೇಲೆ ಯಾರೋ ‘ಅಲ್ಲಿ ಇಂಥವರಿದ್ದರೇ’ ಎಂದು ಕೇಳಿದರೆ, ‘ಇರಲಿಲ್ಲ’ ಎಂಬ ಅರಿವು ಅವನಿಗೆ ಹುಟ್ಟುವುದು ಕೇಳಿದ ಆ ಕ್ಷಣದಲ್ಲಿ. ಆಗ ಕಣ್ಣಿಗೂ ಆ ಜಾಗಕ್ಕೂ ಸಂಬಂಧವೇ ಇರುವುದಿಲ್ಲ. ಆದ್ದರಿಂದ ಅಭಾವದ ಅರಿವು ಪ್ರತ್ಯಕ್ಷವಲ್ಲ ಎಂದ ಅವನು. ಕಳಿಸಿದ್ದು ತಲುಪಿತೇ ಎಂದು ತುದಿಯಲ್ಲಿ ನೋಡಿಕೊಳ್ಳುವ ಟಿಸಿಪಿಯ ಗಡಿಯಾರ ಮಾಡುವುದೂ ಇದನ್ನೇ. ಅವಧಿ ಮುಗಿದ ಗಳಿಗೆಯಲ್ಲಿ ತಂತಿಯ ಮೇಲೆ ಏನೂ ನಡೆದಿರುವುದಿಲ್ಲ. ‘ಬಂತೇ’ ಎಂದು ಗಡಿಯಾರ ಕೇಳುತ್ತದೆ, ನೆನಪು ‘ಇಲ್ಲ’ ಎನ್ನುತ್ತದೆ. ಎಷ್ಟು ಹೊತ್ತು ಕಾದ ಮೇಲೆ ಈ ಪ್ರಶ್ನೆ ಕೇಳಬೇಕು ಎಂಬುದೂ ಯೋಗ್ಯತೆಯ ಒಂದು ಅಂಗ. ಗಡಿಗೆಯ ಉದಾಹರಣೆಯಲ್ಲಿ ಅದು ಎದ್ದು ಕಾಣುವುದಿಲ್ಲ, ಏಕೆಂದರೆ ನೆಲ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ.

ಹಾಗಾದರೆ ಮೌನ ಸಾಕ್ಷಿಯಾಗುವುದು ಅದರ ಸುತ್ತಲಿನ ಏರ್ಪಾಡಿನಿಂದ. ಇದನ್ನು ಒಪ್ಪಿದ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ, ಮತ್ತು ಅದು ಅರಿವಿಗೆ ಮಾತ್ರ ಸೇರಿದ್ದಲ್ಲ, ನಡತೆಗೂ ಸೇರಿದ್ದು. ಆ ಏರ್ಪಾಡು ಮನುಷ್ಯನ ಕೈಯಲ್ಲಿರುವ ಕಡೆ, ಅದನ್ನು ಕಟ್ಟುವ ಹೊಣೆ ಯಾರದು? ಮಿತಿ ಹಾಕುವವನದು ಎಂಬುದು ನನ್ನ ವಾದ. ಡ್ರೈವರ್ ಬರೆಯುವವನನ್ನು ತೆಗೆದುಕೊಳ್ಳಿ. ಲಿನಕ್ಸ್ ಕರ್ನಲ್‌ನಲ್ಲಿ ಇಂಥ ಸ್ವಿಚ್ ಚಿಪ್ಪುಗಳನ್ನು ನೋಡಿಕೊಳ್ಳುವ ಡಿಎಸ್‌ಎ ಎಂಬ ಚೌಕಟ್ಟಿದೆ. 2020ರ 5.7ನೇ ಆವೃತ್ತಿಯಲ್ಲಿ ಅದಕ್ಕೆ ಎರಡು ಹೊಸ ಬಾಗಿಲು ಬಂದವು: ಒಂದರಿಂದ ಪೋರ್ಟಿನ ಎಂಟಿಯು ಬದಲಿಸಬಹುದು, ಇನ್ನೊಂದರಿಂದ ಆ ಪೋರ್ಟು ಗರಿಷ್ಠ ಎಷ್ಟು ಹೊರಬಲ್ಲದು ಎಂದು ಕೇಳಬಹುದು. ಎರಡನೆಯದು ನೋಡಲು ತೀರ ಚಿಕ್ಕದು. ಅನೇಕ ಡ್ರೈವರುಗಳಲ್ಲಿ ಅದು ಒಂದು ಸಂಖ್ಯೆಯನ್ನು ಹಿಂದಿರುಗಿಸುವ ಒಂದೇ ಸಾಲು. ಆದರೆ ಬಾಯಿಲ್ಲದ ಸ್ವಿಚ್ಚಿನ ಪರವಾಗಿ ಮಾತಾಡುವುದು ಆ ಸಾಲೇ. ಅದು ಸರಿಯಿದ್ದರೆ, ಮೀರಿದ ಸಂಖ್ಯೆ ಕೇಳಿದವನಿಗೆ ಕರ್ನಲ್ ‘ಇದು ಸಾಧನದ ಮಿತಿಗಿಂತ ಹೆಚ್ಚು’ ಎಂದು ಆಗಲೇ ಹೇಳಿ ಹಿಂದಕ್ಕೆ ಕಳಿಸುತ್ತದೆ. ಅದು ತಪ್ಪಿದ್ದರೆ, 9000 ಕೇಳಿದವನಿಗೆ ‘ಆಯಿತು’ ಎಂದು ಹೇಳಿ, ಒಳಗೆ ರಿಜಿಸ್ಟರಿನಲ್ಲಿ 1522 ಹಾಗೆಯೇ ಉಳಿದಿರುತ್ತದೆ. ಇದು ಮೌನಕ್ಕಿಂತ ಕೆಟ್ಟದ್ದು. ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪಿದವರೆಲ್ಲರೂ ಹೇಳುವವನಿಗೆ ವಿಷಯ ಗೊತ್ತಿರಬೇಕು, ಗೊತ್ತಿದ್ದುದನ್ನು ಗೊತ್ತಿದ್ದಂತೆ ಹೇಳಬೇಕು ಎಂಬ ಷರತ್ತು ಹಾಕಿದ್ದಾರೆ. ಸುಳ್ಳು ‘ಆಯಿತು’ ಕೇಳಿದವನು ಇನ್ನು ಅಳತೆಯನ್ನು ಶಂಕಿಸುವುದೇ ಇಲ್ಲ. ಹುಡುಕಬೇಕಾದ ಜಾಗದ ದೀಪವನ್ನೇ ಆ ಮಾತು ಆರಿಸಿರುತ್ತದೆ.

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಯಂತ್ರಕ್ಕೆ ಎಂಥ ಧರ್ಮ, ಸಿಲಿಕಾನಿಗೆ ಎಂಥ ಋಣ ಎಂಬುದು ಮೊದಲನೆಯದು, ಅದನ್ನು ಬೇಗ ಮುಗಿಸಬಹುದು. ನಾನು ಹೊಣೆ ಹೊರಿಸುತ್ತಿರುವುದು ಚಿಪ್ಪಿನ ಮೇಲಲ್ಲ, ಸಂಖ್ಯೆಯನ್ನು ಬರೆದವನ ಮೇಲೆ. ಎರಡನೆಯದು ಗಟ್ಟಿ. 1984ರಲ್ಲಿ ಸಾಲ್ಟ್ಜರ್, ರೀಡ್ ಮತ್ತು ಕ್ಲಾರ್ಕ್ ಮಂಡಿಸಿದ ಪ್ರಸಿದ್ಧ ವಾದವೊಂದಿದೆ: ಸರಿಯಾಗಿ ತಲುಪಿತೇ ಎಂದು ಖಚಿತಪಡಿಸಿಕೊಳ್ಳುವ ಕೆಲಸ ಕೊನೆಗೂ ತುದಿಗಳಲ್ಲೇ ಆಗಬೇಕು, ನಡುವಿನ ಯಂತ್ರಗಳ ಮೇಲೆ ಅದನ್ನು ಹೊರಿಸುವುದರಿಂದ ಹೆಚ್ಚಿನ ಲಾಭವಿಲ್ಲ. ಸ್ವಿಚ್ಚು ಮೂಕವಾಗಿರುವುದೇ ಅದರ ಗುಣ. ಮೂಕವಾದ್ದರಿಂದಲೇ ಅಗ್ಗ, ವೇಗ. ತುದಿಯವನು ಪರೀಕ್ಷೆ ಮಾಡಿ ತಿಳಿದುಕೊಳ್ಳಲಿ, ಅದಕ್ಕೆ ತಾನೇ ಆರ್‌ಎಫ್‌ಸಿ 4821 ಇರುವುದು? ಇದರ ಅರ್ಧವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಫ್ರೇಮು ಬಿದ್ದಾಗಲೆಲ್ಲ ಸ್ವಿಚ್ಚು ಕೂಗಿ ಹೇಳಬೇಕೆಂದು ನಾನು ಕೇಳುತ್ತಿಲ್ಲ. ಆದರೆ ತುದಿಯವನ ಪರೀಕ್ಷೆ ನಿಂತಿರುವುದು ನಡುವಿನವನ ಸ್ಥಿರವಾದ ವರ್ತನೆಯ ಮೇಲೆ: ಒಂದು ಅಳತೆಯ ಕೆಳಗಿನದೆಲ್ಲ ಹೋಗಬೇಕು, ಮೇಲಿನದೆಲ್ಲ ಬೀಳಬೇಕು, ಇಂದಿನಂತೆ ನಾಳೆ. ಬಿದ್ದದ್ದರ ಲೆಕ್ಕ ಕೌಂಟರಿನಲ್ಲಿ ಸಿಗಬೇಕು. ಮಾತಾಡದವನಿಗೂ ಈ ಬಾಧ್ಯತೆ ಇದೆ, ಮಾತಾಡದವನಿಗೇ ಹೆಚ್ಚು ಇದೆ. ಮೂರನೆಯ ಆಕ್ಷೇಪ ಉದಾರಿಗಳದು. 1980ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ತತ್ವದ ಪ್ರಕಾರ ಕಳಿಸುವಾಗ ಬಿಗಿ, ಸ್ವೀಕರಿಸುವಾಗ ಧಾರಾಳ; ಹಾಗಿರುವಾಗ ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಮಿತಿಯ ಗೋಜೇ ಇಲ್ಲವಲ್ಲ? ಮೊದಲನೆಯದಾಗಿ ಅದು ಆಗದ ಮಾತು. ಬಫರಿಗೆ ತಳವಿದೆ, ಫ್ರೇಮಿನ ಕೊನೆಯ ತಪಾಸಣೆಯ ಸಂಖ್ಯೆಯೂ ಸುಮಾರು 11,000 ಬೈಟು ದಾಟಿದ ಮೇಲೆ ದೋಷ ಹಿಡಿಯುವುದರಲ್ಲಿ ಮೊದಲಿನಷ್ಟು ಬಲವಾಗಿರುವುದಿಲ್ಲ. ಎರಡನೆಯದಾಗಿ, ಧಾರಾಳತನ ತನ್ನದೇ ಒಂದು ಕತ್ತಲೆಯನ್ನು ಹುಟ್ಟಿಸುತ್ತದೆ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮನೆಯ ವೈಫೈ ರೂಟರುಗಳಲ್ಲಿ ಬಹಳವಾಗಿ ಬಳಕೆಯಾದ ಮೀಡಿಯಾಟೆಕ್‌ನ ಎಂಟಿ7530 ಎಂಬ ಸ್ವಿಚ್ ಚಿಪ್ಪಿದೆ. ಅದರಲ್ಲಿ ಸ್ವೀಕರಿಸುವ ಫ್ರೇಮಿನ ಗರಿಷ್ಠ ಉದ್ದಕ್ಕೆ ಇರುವುದು ಒಂದೇ ರಿಜಿಸ್ಟರು, ಎಲ್ಲ ಪೋರ್ಟುಗಳಿಗೂ ಸೇರಿ. ಅದರಲ್ಲಿ ಬರೆಯಬಹುದಾದ ಆಯ್ಕೆ ನಾಲ್ಕು: 1522, 1536, 1552, ಇಲ್ಲವೇ ಜಂಬೋ. ಜಂಬೋ ಆದರೆ ಉದ್ದವನ್ನು 1024ರ ಗುಣಕಗಳಲ್ಲಿ ಹೇಳಬೇಕು. ಯಾರಾದರೂ 1600 ಎಂಟಿಯು ಕೇಳಿದರೆ ಡ್ರೈವರು ತಲೆಬರಹ, ಚಿಪ್ಪಿನ ಸ್ವಂತ ಗುರುತು, ತಪಾಸಣೆಯ ಸಂಖ್ಯೆ ಎಲ್ಲ ಸೇರಿಸಿ 1622 ಎಂದು ಲೆಕ್ಕ ಹಾಕುತ್ತದೆ. ಅಷ್ಟಕ್ಕೆ ಸರಿಯಾದ ಮನೆಯಿಲ್ಲ, ಮೇಲಕ್ಕೆ ಸರಿದು 2048 ಆಗುತ್ತದೆ. ಇನ್ನು ಒಂದು ಪೋರ್ಟಿಗೆ 1500, ಪಕ್ಕದ್ದಕ್ಕೆ 1600 ಎಂದು ಹೇಳಿದ್ದರೆ, ರಿಜಿಸ್ಟರಿಗೆ ಹೋಗುವುದು ದೊಡ್ಡದರ ಲೆಕ್ಕ. ಡ್ರೈವರಿನ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ, ಬೇರೆ ದಾರಿಯೂ ಇಲ್ಲ. ಎಂಟಿಯು ಕಟ್ಟುನಿಟ್ಟಾಗಿ ಕಳಿಸುವುದರ ಮಿತಿ. ಸ್ವೀಕರಿಸುವಾಗ ಹೆಚ್ಚನ್ನು ಒಪ್ಪಿದರೆ ನಿಯಮಭಂಗವಲ್ಲ. ಆದರೆ ಆ 1500ರ ಪೋರ್ಟಿನ ಮುಂದೆ ನಿಂತು ಪರೀಕ್ಷೆ ಮಾಡುವವನ ಪಾಡು ನೋಡಿ. ಅವನು 1600 ಬೈಟಿನದೊಂದನ್ನು ಕಳಿಸಿದ, ಅದು ಒಳಗೆ ಹೋಯಿತು. ಈ ಪೋರ್ಟಿನ ಮಿತಿ 1600ಕ್ಕಿಂತ ಹೆಚ್ಚಿದೆ ಎಂದು ಬರೆದುಕೊಂಡ. ನಾಳೆ ಪಕ್ಕದ ಪೋರ್ಟಿನವರು ತಮ್ಮದನ್ನು 1500ಕ್ಕೆ ಇಳಿಸಿದರೆ, ರಿಜಿಸ್ಟರು 1522ಕ್ಕೆ ಬಂದು, ಇವನ ಫ್ರೇಮು ಬೀಳತೊಡಗುತ್ತದೆ. ಇವನ ಕಡೆ ಯಾರೂ ಏನನ್ನೂ ಮುಟ್ಟಿಲ್ಲ. ಅವನು ಕಂಡದ್ದು ನಿಜ. ಕಂಡದ್ದರಿಂದ ಮಾಡಿದ ತೀರ್ಮಾನ ಮಾತ್ರ ಸುಳ್ಳು. ಯೋಗ್ಯತೆಯ ಷರತ್ತು ಕಾಣದಿರುವುದಕ್ಕೆ ಮಾತ್ರವಲ್ಲ, ಕಾಣುವುದಕ್ಕೂ ಬೇಕು ಎಂಬುದು ಇಲ್ಲಿ ಸಿಗುವ ಪಾಠ. ಮಿತಿ ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎಂದೂ, ಇದ್ದಿದ್ದರೆ ಹೀಗೆಯೇ ಆಗಬೇಕಿತ್ತು ಎಂದೂ ಹೇಳಲು ಬಂದಾಗ ಮಾತ್ರ ಘಟನೆಯೊಂದು ಆ ಮಿತಿಯ ಬಗ್ಗೆ ಸಾಕ್ಷಿ ನುಡಿಯುತ್ತದೆ.

ಈ ಸಲಕರಣೆ ಕೈಯಲ್ಲಿರುವಾಗ ದೇವರ ಪ್ರಶ್ನೆಗೆ ಬರಬಹುದು. ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕದಲ್ಲಿ ನಾಸ್ತಿಕನ ಅನುಪಲಬ್ಧಿ ವಾದವನ್ನು ನೇರವಾಗಿ ಎದುರಿಸಿದ್ದಾನೆ. ಈಶ್ವರ ಕಾಣುವುದಿಲ್ಲ, ಆದ್ದರಿಂದ ಇಲ್ಲ ಎಂದರೆ, ಕಾಣಲು ಯೋಗ್ಯವಾದುದರ ವಿಷಯದಲ್ಲಿ ಮಾತ್ರ ಆ ಮಾತು ನಡೆಯುತ್ತದೆ ಎಂಬುದು ಅವನ ಉತ್ತರ. ಧರ್ಮಕೀರ್ತಿಯ ಪರಂಪರೆ ಈಶ್ವರನನ್ನು ಒಪ್ಪದು, ಉದಯನ ಆ ಪರಂಪರೆಯನ್ನೇ ಖಂಡಿಸಿದವನು. ಆದರೂ ಈ ಒಂದು ಷರತ್ತಿನಲ್ಲಿ ಇಬ್ಬರ ತರ್ಕವೂ ಒಂದೇ. ಆಸ್ತಿಕರು ಉದಯನನ ಈ ಉತ್ತರವನ್ನು ಇಷ್ಟಪಡುತ್ತಾರೆ. ಅವರಿಗೆ ಅದರ ಇನ್ನೊಂದು ಅಲಗು ಕಾಣುವುದು ಅಪರೂಪ. 2006ರಲ್ಲಿ ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ಮಂದಿಯ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಹರ್ಬರ್ಟ್ ಬೆನ್ಸನ್ ಅದರ ಮುಂದಾಳು. ಬೇರೆಯವರು ಪ್ರಾರ್ಥನೆ ಮಾಡಿದ ಗುಂಪಿನಲ್ಲಿ ಶೇ. 52 ಜನರಿಗೆ ತೊಡಕುಗಳಾದವು, ಮಾಡದ ಗುಂಪಿನಲ್ಲಿ ಶೇ. 51, ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿಸಿದ್ದ ಗುಂಪಿನಲ್ಲಿ ಶೇ. 59. ಇದರಿಂದ ದೇವರಿಲ್ಲವೆಂದು ಸಾಧಿಸಿದೆವು ಎಂದವರಿದ್ದಾರೆ. ಅಷ್ಟು ದೂರ ಅದು ಹೋಗುವುದಿಲ್ಲ. ಶಸ್ತ್ರಚಿಕಿತ್ಸೆಯ ತೊಡಕು ಎಣಿಸಲು ಬರುವಂಥದು, ಪ್ರಾರ್ಥನೆಯಿಂದ ಅದು ಕಡಿಮೆಯಾಗಿದ್ದರೆ ಆ ಎಣಿಕೆಯಲ್ಲಿ ಕಾಣಬೇಕಿತ್ತು, ಪ್ರಾರ್ಥನೆಯಿಲ್ಲದ ಗುಂಪು ಪಕ್ಕದಲ್ಲೇ ಇತ್ತು. ಆದ್ದರಿಂದ, ಆ ಬಗೆಯ ಪ್ರಾರ್ಥನೆಗೆ ಆ ಬಗೆಯ ಫಲ ಇರಲಿಲ್ಲ ಎಂಬಷ್ಟಕ್ಕೆ ಅದು ಒಳ್ಳೆಯ ಯೋಗ್ಯಾನುಪಲಬ್ಧಿ. ಕೇಳುವವನೇ ಇಲ್ಲ ಎಂಬುದಕ್ಕೆ ಅಲ್ಲ. ಕೇಳುವವನಿದ್ದರೆ ಹೀಗೆ ಕೇಳಿದ್ದಕ್ಕೆ ಹೀಗೆ ಉತ್ತರಿಸಲೇಬೇಕು ಎಂಬ ಕರಾರು ಎಲ್ಲೂ ಇಲ್ಲ.

ಭಕ್ತ ಇಲ್ಲಿ ನೆಮ್ಮದಿಯಾಗಿ, ದೇವರನ್ನು ಪರೀಕ್ಷೆಗೆ ಒಡ್ಡಬಾರದು, ಅವನು ನಮ್ಮ ಲೆಕ್ಕಕ್ಕೆ ಸಿಗುವವನಲ್ಲ ಎನ್ನಬಹುದು. ಒಪ್ಪೋಣ. ಆದರೆ ಹಾಗೆಂದ ಮೇಲೆ ಹರಕೆ ಹೊತ್ತ ಮಗು ಗುಣವಾದದ್ದನ್ನು, ತಪ್ಪಿಹೋದ ಬಸ್ಸು ಮುಂದೆ ಅಪಘಾತಕ್ಕೀಡಾದದ್ದನ್ನು ಅವನಿರುವುದಕ್ಕೆ ಪುರಾವೆಯೆಂದು ಮುಂದಿಡುವ ಹಕ್ಕೂ ಹೋಗುತ್ತದೆ. ಗುಣವಾಗದ ಮಗು ಏನನ್ನೂ ಸಾಧಿಸುವುದಿಲ್ಲವಾದರೆ ಗುಣವಾದ ಮಗುವೂ ಏನನ್ನೂ ಸಾಧಿಸುವುದಿಲ್ಲ, 1600 ಬೈಟಿನ ಫ್ರೇಮು ಒಳಗೆ ಹೋದದ್ದು 1500ರ ಪೋರ್ಟಿನ ಬಗ್ಗೆ ಏನನ್ನೂ ಸಾಧಿಸದ ಹಾಗೆ. ನಾಸ್ತಿಕನಿಗೂ ಇದೇ ಬಿಗಿ: ಯಾವ ಉತ್ತರ ಬಂದಿದ್ದರೆ ದೇವರಿದ್ದಾನೆಂದು ಒಪ್ಪುತ್ತಿದ್ದೆ ಎಂದು ಮೊದಲೇ ಹೇಳಿಡದವನು ಉತ್ತರ ಬರಲಿಲ್ಲ ಎಂಬುದನ್ನು ವಾದಕ್ಕೆ ತರುವಂತಿಲ್ಲ. ಉದಯನ ಸ್ವತಃ ಈ ಬಿಕ್ಕಟ್ಟನ್ನು ಬಲ್ಲವನು. ಅದಕ್ಕೇ ಮೂರನೆಯ ಸ್ತಬಕದಲ್ಲಿ ಅನುಪಲಬ್ಧಿಯನ್ನು ಬದಿಗೆ ಸರಿಸಿದ ಮೇಲೆ ಅದನ್ನೇ ಗೆಲುವೆಂದು ತಿಳಿದು ನಿಲ್ಲದೆ, ಐದನೆಯದರಲ್ಲಿ ಜಗತ್ತು ಕಾರ್ಯವಾಗಿರುವುದರಿಂದ ಕರ್ತೃವೊಬ್ಬ ಬೇಕು ಎಂಬಂಥ ಅನುಮಾನಗಳಿಗೆ ತನ್ನ ಇಡೀ ಬಲವನ್ನು ಹಾಕಿದ. ಆ ಅನುಮಾನಗಳು ನಿಲ್ಲುತ್ತವೆಯೇ ಎಂಬುದು ಬೇರೆ ವಾದ, ಅದಕ್ಕೆ ಬೇರೆ ಸಾಕ್ಷ್ಯಗಳು ಬೇಕು.